ಎಂಟಮ್ಮನ ಪಾಠ

ಜೂನ್ 3, ರಾತ್ರಿ
ಮತ್ತೆ ಫ್ರೆಂಚ್ ಕ್ಲಾಸು, ಮತ್ತೆ ಓದುವ ಸರದಿ. ‘ಮಾತಾಡುತ್ತಾರೆ’ ಎನ್ನುವುದಕ್ಕೆ ಬರೀ ‘ಪಾರ್ಲ್’ ಅನ್ನಬೇಕಿತ್ತು. ಬರೆಯುವಾಗ ಕೊನೆಯಲ್ಲಿ ಸದ್ದಿಲ್ಲದ ಇ-ಎನ್-ಟಿ ಇದೆಯಲ್ಲ, ಗಾಬರಿಯಲ್ಲಿ ‘ಪಾರ್ಲೆಂಟು’ ಅಂದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅದೇ ಕ್ಲಾಸಿಗೆ ಬರುವ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಸಾಲದ್ದಕ್ಕೆ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರೆದುರು ನಕಲು ಬೇರೆ. “ಎಂಟಂತೆ, ಎಂಟು! ಇನ್ಮೇಲೆ ನಮ್ಮಕ್ಕ ಎಂಟಮ್ಮ!” ಅತ್ತೆಗೆ ನೀರು ನೆತ್ತಿಗೇರುವಷ್ಟು ನಗು. ಗಂಡನಿಗೂ.

ಜೂನ್ 19
ಇವತ್ತು ನನ್ನ ಮಗಳೂ ಹಾಗೇ ಕರೆದಳು. ಮೈಯೆಲ್ಲ ಉರಿಯಿತು. ಇರಲಿ, ನನಗೂ ಒಂದು ಕಾಲ ಬರುತ್ತದೆ.

ಆಗಸ್ಟ್ 2
ನಮ್ಮ ಫ್ರೆಂಚ್ ಕ್ಲಾಸಿನವರ ಮಕ್ಕಳ ಬ್ಯಾಚಿಗೆ ಸಹಾಯಕ ಟೀಚರ್ ಬೇಕಂತೆ. ಒಬ್ಬರೇ. ನಾನೂ ಅರ್ಜಿ ಹಾಕಿದೆ, ಓರಗಿತ್ತಿಯೂ. ಓದಿಸಿ ಆರಿಸುತ್ತಾರೆ. ಅವಳಿಗೆ ಟೈಫಾಯಿಡ್ ಬಂದು ಉದ್ದುದ್ದ ಕ್ರಿಯಾಪದಗಳ ಕ್ಲಾಸೆಲ್ಲ ತಪ್ಪಿದೆ.
“ಅಕ್ಕಾ, ನೀವೇ ಹೇಳ್ಕೊಡ್ಬೇಕು.”
“ಅದಕ್ಕೇನಂತೆ, ಬಾ” ಅಂದೆ.

ಆಗಸ್ಟ್ 4
ಅಡುಗೆಮನೆ. ಅವಳು ಬೀನ್ಸ್ ಮುರಿಯುತ್ತಾ, ನಾನು ಪದ ಮುರಿಯುತ್ತಾ. ಪಾರ್-ದೊ-ನ-ರೆ. ‘ಕ್ಷಮಿಸಿಯಾರು’ ಅಂತ ಅರ್ಥ. ನಾಲ್ಕೇ ತುಂಡು. ಬರೆಯುವಾಗ ಇ-ಎನ್-ಟಿ ಬಾಲ ಉಂಟು, ಬಾಯಲ್ಲಿ ಇಲ್ಲ. ನಾನು ಐದನೆಯದು ಸೇರಿಸಿದೆ — “ರೆ-ಯಾಂ. ಮೂಗಿಂದ ಎಳಿ.”
“ಇ-ಎನ್-ಟಿಗೆ ಸದ್ದಿಲ್ಲ ಅಲ್ವಾ ಅಕ್ಕಾ?”
“ಸಣ್ಣ ಪದದಲ್ಲಿ ಮಲಗಿರುತ್ತೆ. ಉದ್ದದ್ರಲ್ಲಿ ಎದ್ದು ಕೂರುತ್ತೆ.”
ನಂಬಿಬಿಟ್ಟಳು! ಪಾತ್ರೆ ತೊಳೆಯುವಾಗಲೂ ರೆ-ಯಾಂ, ರೆ-ಯಾಂ... ಹೊಟ್ಟೆ ತಣ್ಣಗಾಯಿತು. ಇಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ.

ಆಗಸ್ಟ್ 6, ಮಧ್ಯಾಹ್ನ
ಓದಿಸಿ ನೋಡಲು ಮೊದಲು ಅವಳನ್ನು ಒಳಗೆ ಕರೆದರು. ಬಾಗಿಲು ಅರೆ ತೆರೆದಿತ್ತು. ರೆ-ಯಾಂ! ಪ್ರಿನ್ಸಿಪಾಲ್ ಮೇಡಂ ತಿದ್ದಿದರು. ಕಥೆ ಮುಗಿಯಿತು ಅಂದುಕೊಂಡೆ. ಅವಳು ಬಿಡಲಿಲ್ಲ.
“ಇಲ್ಲ ಮೇಡಂ, ನಮ್ಮಕ್ಕ ಹೀಗೇ ಹೇಳ್ಕೊಟ್ಟಿದ್ದು. ಅವ್ರು ತಪ್ಪು ಹೇಳಲ್ಲ.”
“ಹೊರಗಿದ್ದಾರಲ್ಲ ನಿಮ್ಮಕ್ಕ? ಕರೀರಿ, ಅವರೇ ಓದ್ಲಿ.”
ಒಳಗೆ ಹೋದೆ. ಅದೇ ಹಾಳೆ ಕೈಗೆ ಬಂತು. ಬಾಲ ಎಳೆದರೆ ಕೆಲಸ ಹೋಯಿತು. ಎಳೆಯದಿದ್ದರೆ ಅವಳಿಗೆ ಗೊತ್ತಾಗುತ್ತದೆ. ಗೊತ್ತಾಗಲಿ! ಇಷ್ಟೆಲ್ಲ ಮಾಡಿದ್ದು ಮತ್ತೆ ಯಾಕೆ? ಅವಳು ಪಕ್ಕದಲ್ಲೇ ನಿಂತು, ‘ಹೇಳಿ ಅಕ್ಕಾ’ ಎನ್ನುವ ಹಾಗೆ ತಲೆಯಾಡಿಸಿದಳು.
ಪಾರ್. ದೊ. ನ. ರೆ.
ಅಲ್ಲಿಗೆ ನಿಲ್ಲಿಸಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಇನ್ನೂ ಒಂದು ತುಂಡು ಬಾಕಿ ಇದೆ ಅಂತ ಕಾಯುತ್ತಾ.