ಬಿಟ್ಟು ಬಂದೆ

ಜೂನ್ 4, ಮಧ್ಯಾಹ್ನ

ನಿಘಂಟು ಕಚೇರಿಯಲ್ಲಿ ಇನ್ನೂ ‘ಬಿಡು’ ಶಬ್ದವೇ. ಹಿಡಿದಷ್ಟು ಸುಲಭವಲ್ಲ ಬಿಡುವುದು! ಕಣ್ಣಿ ಬಿಚ್ಚಿ ದನ ಬಿಡುವುದೇ ಹಳೆಯ ಅರ್ಥ ಎಂದು ನನ್ನ ವಾದ. ಸಂಪಾದಕರು ಕನ್ನಡಕ ಏರಿಸಿ, “ಎತ್ತು ಬಿಟ್ಟು ಇಳಿದ ಜಾಗವೇ ಬೀಡು, ಬಿಡಾರ. ಬಿಟ್ಟಲ್ಲೇ ಮನೆ ಕಣಮ್ಮಾ,” ಎಂದರು. ಚೆನ್ನಾಗಿದೆ. ಆಧಾರ ಹುಡುಕಬೇಕು.

ಅದೇ ದಿನ, ಸಂಜೆ

ಮನೆಗೆ ಬಂದರೆ ಕಿವುಡ ಇಲ್ಲ. ಮುದಿ ನಾಯಿ, ಒಬ್ಬನೇ ಎಲ್ಲಿಗೆ ಹೋದಾನು? ಯಜಮಾನರು ಟಿವಿಯಿಂದ ಕಣ್ಣು ತೆಗೆಯದೆ, “ಫ್ರೆಂಡ್ ತೋಟದಲ್ಲಿ ಬಿಟ್ಟು ಬಂದೆ. ಹಾಯಾಗಿರ್ತಾನೆ,” ಎಂದರು. ನನಗೊಂದು ಮಾತು ಹೇಳದೆ! ಮೊನ್ನೆ ಹೊಸ ಸೋಫಾ ಒದ್ದೆ ಮಾಡಿದ್ದ. ಅಷ್ಟಕ್ಕೇ?

ಬಿಟ್ಟು ಬಂದೆ... ಮಗುವನ್ನು ಸ್ಕೂಲಿಗೆ ಬಿಟ್ಟು ಬರುತ್ತೇವೆ. ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಬರುತ್ತೇವೆ. ಇವರದ್ದು ಯಾವುದು?

ಜೂನ್ 7

ಫೋಟೋ ಕೇಳಿದೆ. “ಅಲ್ಲಿ ನೆಟ್‌ವರ್ಕ್ ಇಲ್ಲ ಕಣೇ.” ಅದೇ ಫ್ರೆಂಡ್ ದಿನಾ ಬೆಳಿಗ್ಗೆ ಇವರಿಗೆ ಜೋಕು ಕಳಿಸುತ್ತಾನೆ. ನನ್ನ ಕಿವಿ ಮೇಲೆ ಹೂ ಇಡುತ್ತಿದ್ದಾರೆ.

ಕಾರಿನ ಸೀಟಿನ ಕೆಳಗೆ ಕೊರಳಪಟ್ಟಿ ಸಿಕ್ಕಿತು. “ಬಿಚ್ಚಿದ್ರೆ ಅವನಿಗೂ ಆರಾಮ ಅಲ್ವಾ?” ಆ ಪಟ್ಟಿಯ ಮೇಲೆ ನನ್ನ ಫೋನ್ ನಂಬರಿತ್ತು.

ಜೂನ್ 15

ಇಷ್ಟು ದಿನ ಬರೆಯಲು ಕೈ ಓಡಲಿಲ್ಲ. ಇವತ್ತು ಕಚೇರಿಗೆ ರಜೆ ಹಾಕಿ, ಬಸ್ಸು ಹಿಡಿದು ತೋಟಕ್ಕೇ ಹೋದೆ. ಫ್ರೆಂಡಿನ ಹೆಂಡತಿ ನನ್ನ ಮುಖವನ್ನೇ ನೋಡಿದಳು. “ಯಾವ ನಾಯಿ ಅಕ್ಕಾ? ಅಣ್ಣ ಈ ಕಡೆ ಬಂದು ಎಷ್ಟೋ ತಿಂಗ್ಳಾಯ್ತು.” ನೀರು ಕೊಟ್ಟಳು. ಕುಡಿದು ಹೊರಟೆ.

ವಾಪಸ್ಸು ಬರುವಾಗ ಹೈವೇ ಉದ್ದಕ್ಕೂ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಲಾರಿ ಬಂದರೂ ಕೇಳಿಸದ ಪ್ರಾಣಿ. ಅಳು ಬಂತು. ಪಕ್ಕದವರು ನೋಡಿದರು, ನೋಡಲಿ.

ಜೂನ್ 16

ಕೇಳಿಯೇಬಿಟ್ಟೆ. ಇವರು ಸಿಟ್ಟಾಗಲಿಲ್ಲ — ಅದಕ್ಕೇ ಭಯವಾಯಿತು. ತಣ್ಣಗೆ, “ವಯಸ್ಸಾಗಿತ್ತು. ಯಾರಿಗೂ ಬೇಕಾಗಿರ್ಲಿಲ್ಲ,” ಎಂದರು.

ನನಗೆ ಬೇಕಾಗಿತ್ತು.

“ಎಲ್ಲಿ ಬಿಟ್ರಿ? ಅದನ್ನಾದ್ರೂ ಹೇಳಿ.”

“ನಿನ್ಗೆ ತಲೆ ಕೆಟ್ಟಿದೆ. ಸ್ವಲ್ಪ ದಿನ ತವರಲ್ಲಿರು. ನಿಮ್ಮಣ್ಣಂಗೆ ಹೇಳಿದೀನಿ. ಹೊರಡು, ಬಿಟ್ಟು ಬರ್ತೀನಿ.”

ಕಾರಿನ ಕೀ ತೆಗೆದುಕೊಂಡು ಕೆಳಗೆ ಹೋದರು. ಬಾಗಿಲು ಹಾಕಿಕೊಂಡು ಅಣ್ಣನಿಗೆ ಫೋನ್ ಮಾಡಿದೆ.

“ಇಲ್ವಲ್ಲ, ಭಾವ ಏನೂ ಹೇಳ್ಲಿಲ್ಲ. ಯಾಕೆ, ಬರ್ತಿದೀಯೇನೇ?”

ಕೆಳಗೆ ಹಾರ್ನ್. ಮತ್ತೆ ಹಾರ್ನ್. ಈಗ ಮೆಟ್ಟಿಲ ಮೇಲೆ ಹೆಜ್ಜೆ. ಅಣ್ಣಾ, ಇದು ನಿನ್ನ ಕೈಗೆ ಸಿಕ್ಕರೆ, ನಾನಾಗಿ ಎಲ್ಲಿಗೂ ಹೊರ—