ಕಾವಲಿನ ಕಪ್ಪೆ ಮತ್ತು ನನ್ನ ಸಹಿ

ಜೂನ್ 9, ಬೆಳಿಗ್ಗೆ
ಹಲ್ಲುಜ್ಜುವಾಗಲೂ ಫೋನ್. ಮೊಳಕಾಲ್ಮುರು ರಸ್ತೆಯ ಕಾವಲಿನಲ್ಲಿ, ಆ ದನ ಮೇಯುವ ಹುಲ್ಲುಬಯಲಿನಲ್ಲಿ, ನನಗೆ ಸಿಕ್ಕ ಕಪ್ಪೆ ಹೊಸ ಪ್ರಭೇದವೆಂದು ಜರ್ನಲ್‌ನಲ್ಲಿ ಬಂದು ಮೂರು ದಿನ. ಕಾಲೇಜಿನಲ್ಲಿ ಶಾಲು, ಹಾರ. ಲ್ಯಾಬಿಗೆ ಸ್ಪಿರಿಟ್ ಕೇಳಿದರೆ ಗೊಣಗುತ್ತಿದ್ದ ಪ್ರಿನ್ಸಿಪಾಲರು ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಅಸಹ್ಯ.
ಯರ್ರಪ್ಪನನ್ನು ಯಾರೂ ಕರೆಯಲಿಲ್ಲ. ಅಲ್ಲಿ ದೇವರಿಗೆ ಬಿಟ್ಟ ಎತ್ತು ಕಾಯುವವನು. ಹೋದ ವರ್ಷ ಮಳೆ ನಿಂತ ಸಂಜೆ ಕಪ್ಪೆ ತೋರಿಸಿದ್ದೇ ಅವನು. ಹೆಬ್ಬೆರಳಿನಷ್ಟು. ವರ್ಷಕ್ಕೆ ಎಂಟು-ಹತ್ತು ದಿನ ಮೇಲೆ ಬರುತ್ತದೆ, ಉಳಿದಂತೆ ನೆಲದೊಳಗೆ.

ಜೂನ್ 12
ಯರ್ರಪ್ಪ ಕಾಲೇಜು ಗೇಟಿಗೇ ಬಂದಿದ್ದ. ಸೋಲಾರ್ ಕಂಪನಿಯವರು ಕಾವಲಿಗೆ ಬೇಲಿ ಕಂಬ ಇಳಿಸಿದ್ದಾರಂತೆ. ಎತ್ತುಗಳಿಗೆ ಬೇರೆ ಹುಲ್ಲಿಲ್ಲ.
"ನಿಮ್ ಕಪ್ಪೆ ಐತೆ ಅಂತ ಹೇಳ್ರಿ ಸಾರ್. ನಮ್ಮೆತ್ತು ಅಂದ್ರೆ ಯಾರು ಕೇಳ್ತಾರೆ?"
ಹದಿನೆಂಟಕ್ಕೆ ಚಳ್ಳಕೆರೆಯಲ್ಲೇ ಅಹವಾಲು ಸಭೆ. ಹೇಳುತ್ತೇನೆ ಎಂದೆ, ಎದೆಯುಬ್ಬಿಸಿಕೊಂಡು.

ಜೂನ್ 15, ಮಧ್ಯಾಹ್ನ
ಕಂಪನಿಯ ತಿಪ್ಪೇರುದ್ರ ಬಂದ. ನನ್ನ ಹಳೇ ಸ್ಟೂಡೆಂಟ್. ಪೇಡದ ಬಾಕ್ಸ್, ಒಂದು ಫೈಲ್. ನಾಲ್ಕು ವರ್ಷದ ಹಿಂದೆ ಕಂಪನಿಗೆ ಕೊಟ್ಟ ಸರ್ವೆ ರಿಪೋರ್ಟ್: ಕಾವಲಿನಲ್ಲಿ ಗಮನಾರ್ಹ ಜೀವಿಗಳಿಲ್ಲ. ಕೆಳಗೆ ನನ್ನದೇ ಸಹಿ.
ಅದು ಏಪ್ರಿಲ್ ಸರ್ವೆ, ಏಪ್ರಿಲ್‌ನಲ್ಲಿ ಕಪ್ಪೆ ಎಲ್ಲಿ ಕಾಣಬೇಕು ಎಂದೆ. ನಕ್ಕ.
"ನೀವು ಸುಮ್ನಿದ್ರೆ ನಾವೂ ಸುಮ್ನಿರ್ತೀವಿ ಸಾರ್. ರಿಪೋರ್ಟ್ ಸುಳ್ಳು ಅಂದ್ರೆ ನಿಮ್ ಕೆಲ್ಸಾನೂ ಹೋಗ್ತೈತೆ."
ಎಷ್ಟು ವಿನಯ! ಅವನೆದುರಿಗೇ ಒಂದು ಪೇಡ ತಿಂದೆ. ಥೂ ನನ್ನ ಬಾಯಿಗೆ.

ಜೂನ್ 18, ಸಂಜೆ
ಸಭೆಯಲ್ಲಿ ಕೊನೇ ಸಾಲು ಹಿಡಿದು ಕೂತಿದ್ದೆ. ಯರ್ರಪ್ಪ ಎದ್ದು, ಕಪ್ಪೆಯ ವಿಷಯ ನಮ್ಮ ಮೇಷ್ಟ್ರು ಹೇಳುತ್ತಾರೆ ಎಂದು ಕೈ ತೋರಿಸಿದ. ಸಭೆ ನಡೆಸುತ್ತಿದ್ದ ಸಾಹೇಬರು ಹಳೇ ರಿಪೋರ್ಟ್ ಓದಿದರು — ಸಹಿ, ಮುರುಗೇಂದ್ರಪ್ಪ, ಪ್ರಾಣಿಶಾಸ್ತ್ರ. ರಿಪೋರ್ಟೋ ಕಪ್ಪೆಯೋ, ಎರಡರಲ್ಲಿ ಯಾವುದು ಸುಳ್ಳು ಎಂದು ಕೇಳಿದರು.
ಇನ್ನೂ ಅಧ್ಯಯನ ಆಗಬೇಕು ಎಂದೆ. ಕೂತೆ. ನಾಲಿಗೆ ಹೇಗೆ ಹೊರಳಿತೋ!
ಹೇಳುವುದಿದ್ದರೆ ನಾಳೆಯೊಳಗೆ ಬರೆದು ಕೊಡಿ, ಇಲ್ಲದಿದ್ದರೆ ಬೇಲಿಗೆ ಅನುಮತಿ ಎಂದರು.
ಹೊರಗೆ ಯರ್ರಪ್ಪ ಕಾದಿದ್ದ. ಬೈಯಲಿಲ್ಲ.
"ಆ ಸರ್ವೆ ಟೈಮ್‌ನಾಗೆ ನೀವು ಕಾವಲಿಗೆ ಬಂದಿದ್ರಾ ಸಾರ್? ವರ್ಷೊಂಭತ್ಕಾಲ ಅಲ್ಲೇ ಇರ್ತೀನಿ. ನಿಮ್ಮನ್ನ ನಾ ನೋಡ್ಲಿಲ್ಲ."
ಬಸ್ಸು ಬಂತು, ಹತ್ತಿ ಹೋದ.

ಜೂನ್ 19, ಮಧ್ಯಾಹ್ನ 3
ಸಾಹೇಬರ ಆಫೀಸು ಐದೂವರೆಗೆ ಮುಚ್ಚುತ್ತದೆ. ಮೂರು ಸಲ ಬರೆದು ಹರಿದೆ. ಮೂರರಲ್ಲೂ ಏಪ್ರಿಲ್, ಬಿಸಿಲು, ಸಮಯದ ಅಭಾವ... ಬರೀ ನೆಪ. ಇದನ್ನಾದರೂ ಇಲ್ಲಿ ಮೊದಲು ಬರೆದು ನೋಡುತ್ತೇನೆ.
ಮಾನ್ಯರೇ, ಆ ಸರ್ವೆಯ ದಿನ ನಾನು ಕಾವಲಿಗೆ ಕಾಲಿಟ್ಟೇ ಇರಲಿಲ್ಲ.