ಮೂರನೇ ಕಂಬದ ನೀರು

ದಡದ ರಸ್ತೆಯ ಮನೆ
ಮೇ ೧೮, ಶನಿವಾರ, ಬೆಳಿಗ್ಗೆ ಆರೂಕಾಲು

ನನ್ನ ಬಾತುಕೋಳಿ ಮಗಳೇ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಲಾಂಚಿನ ಚಕ್ರ ಹಿಡಿದು ದಿನವಿಡೀ ಗಾಳಿಗೆ ಮುಖ ಕೊಡುವವಳು ಕತ್ತಿಗೊಂದು ಬಟ್ಟೆ ಸುತ್ತಿಕೊಂಡರೆ ನಿನ್ನ ಗತ್ತೇನೂ ಕಡಿಮೆಯಾಗುವುದಿಲ್ಲ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಇಷ್ಟು ಹೊತ್ತಿಗೆ ನನ್ನನ್ನು ಎರಡು ಸಲ ಬೈದಾಗಿದೆ. ನನ್ನ ಮಂಡಿಯೂ ಹಾಗೇ ಇದೆ, ಏಳುವಾಗ ಒಂದು ಕೂಗು, ಕೂರುವಾಗ ಒಂದು ಕೂಗು. ನೀನಿರುವ ಆ ದಡದ ಫೋನು ಹನ್ನೊಂದು ದಿನದಿಂದ ಸತ್ತು ಬಿದ್ದಿರುವುದರಿಂದ ಕಾಗದವೇ ಗತಿ. ಟಪಾಲು ದೋಣಿ ಎಂಟಕ್ಕೆ ಬಿಡುತ್ತದೆ, ಅಷ್ಟರೊಳಗೆ ಮುಗಿಸಬೇಕು.

ಬೇಸಿಗೆಯ ಹವಾಮಾನ ಮುನ್ಸೂಚನೆ ನಿಮ್ಮ ಕಚೇರಿಗೂ ಬಂದಿರುತ್ತದೆ. ನೆಲ, ಗಾಳಿ, ನೀರು ಅಂತ ಮೂರು ಭಾಗ. ನೆಲ ಈ ಸಲ ವಾಡಿಕೆಗಿಂತ ಮೂರು ಡಿಗ್ರಿ ಹೆಚ್ಚು ಕಾಯುತ್ತದಂತೆ. ಗಾಳಿ ಬೆಳಿಗ್ಗೆ ಮಂದ. ಸರೋವರದ ನೀರು ಬೇಗನೆ ಬೆಚ್ಚಗಾಗಿದೆ, ಆದ್ದರಿಂದ ಮಧ್ಯಾಹ್ನದ ಬಿರುಗಾಳಿ ಈ ಬೇಸಿಗೆಯಲ್ಲಿ ಅಪರೂಪ ಎಂದು ಬರೆದಿದ್ದಾರೆ. ಆ ಕೊನೆಯ ಸಾಲು ನಿಂತಿರುವುದು ನಾನು ದಿನಾ ಬೆಳಿಗ್ಗೆ ಸರೋವರದ ನೀರಿನ ಬಿಸಿ ಅಳೆದು ಬರೆದುಕೊಡುವ ಅಂಕಿಗಳ ಮೇಲೆ. ಹವಾಮಾನ ಅಧಿಕಾರಿ ನನ್ನ ಬೆನ್ನು ತಟ್ಟಿ "ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲವಲ್ರೀ ನೀವು" ಅಂದರು. ನಾನು ಉಬ್ಬಿಹೋದೆ. ಪ್ರತಿವರ್ಷ ಜೂನ್ ಕಳೆಯುವವರೆಗೂ ಓಡದಿದ್ದ ನಿಮ್ಮ ಮಧ್ಯಾಹ್ನ ಎರಡು ಗಂಟೆಯ ಲಾಂಚನ್ನು ಈ ಸಾಲು ನೋಡಿಯೇ ನಾಳೆಯಿಂದ ಬಿಡುತ್ತಿದ್ದಾರೆಂದೂ, ಮೊದಲ ಸರದಿ ನಿನ್ನದೆಂದೂ, ರಜೆಗೆ ಮನೆಗೆ ಬರುವ ನಲವತ್ತು ಶಾಲೆಯ ಮಕ್ಕಳು ಅದರಲ್ಲಿರುತ್ತಾರೆಂದೂ ನಿನ್ನ ಕಾಗದದಲ್ಲಿ ಓದಿದಾಗ ಇನ್ನಷ್ಟು ಉಬ್ಬಿದೆ. "ಅಪ್ಪನ ಅಂಕಿ ಇದ್ದ ಮೇಲೆ ನನಗೆ ಯಾವ ಭಯ" ಅಂತ ಬೇರೆ ಬರೆದಿದ್ದೆ. ಆ ಸಾಲನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ.

ನಿನ್ನೆ ಸಂಜೆ ಟಪಾಲು ದೋಣಿಯವನು ಬಂದಿದ್ದ. ನಿನ್ನ ಕಾಗದ ತಂದುಕೊಟ್ಟವನೂ ಅವನೇ. ಕಾಫಿ ಕುಡಿಯುತ್ತಾ, "ಯಜಮಾನ್ರೇ, ನೀರು ಬೆಚ್ಚಗಿದೆ ಅಂತ ಬರೆದಿದ್ದೀರಂತೆ? ನಡುನೀರಲ್ಲಿ ಕೈ ಅದ್ದಿದೆ, ಬೆರಳು ಮರಗಟ್ಟಿಹೋಯ್ತು ಕಣ್ರೀ" ಅಂದ. ನಾನು ನಕ್ಕೆ. ನಿನ್ನ ಬೆರಳೇನು ಥರ್ಮಾಮೀಟರೇನಯ್ಯಾ ಅಂತ ರೇಗಿಸಿಯೂ ರೇಗಿಸಿದೆ. ಅವನು ಹೋದ ಮೇಲೆ ಅಂಕಿ ಬರೆಯುವ ಪುಸ್ತಕ ತೆಗೆದು ಈ ತಿಂಗಳ ಪುಟಗಳನ್ನೆಲ್ಲ ಮತ್ತೆ ತಿರುವಿ ನೋಡಿದೆ.

ಈಗ ನಿನಗೆ ಹೇಳದೇ ಇದ್ದದ್ದನ್ನು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಕಳೆದ ಚಳಿಗಾಲದಲ್ಲಿ ನಾನು ನೀರೊಳಕ್ಕೆ ಚಾಚಿದ ನಮ್ಮ ಹಲಗೆ ಸೇತುವೆಯ ತುದಿಯಲ್ಲಿ ಜಾರಿ ಬಿದ್ದು ಪಕ್ಕೆಲುಬು ಊದಿಸಿಕೊಂಡಾಗ ನೀನು ಓಡೋಡಿ ಬಂದೆಯಲ್ಲ. ಹಾಸಿಗೆಯ ಪಕ್ಕ ಕೂತು "ನನ್ನಾಣೆ ಅಪ್ಪಾ, ಇನ್ನು ಆ ತುದಿಗೆ ಕಾಲಿಡಬಾರದು" ಅಂದೆ. ನಿನ್ನ ಆಣೆ ನನಗೆ ಸಣ್ಣ ಮಾತೇ? ಅವತ್ತಿನಿಂದ ಈವತ್ತಿನವರೆಗೆ ನಾನು ತುದಿಗೆ ಹೋಗಿಲ್ಲ. ಆದರೆ ನೀರು ಎತ್ತಿ ಅಳೆಯುವ ಬಕೆಟ್ ಇಳಿಸಬೇಕಾದದ್ದು ತುದಿಯಿಂದಲೇ, ಒಂಬತ್ತನೇ ಕಂಬದ ಆಚೆ, ಆಳದ ನೀರಿಗೆ. ನಾನು ಮೂರನೇ ಕಂಬದ ಬಳಿಯೇ ಕೂತು ಇಳಿಸಿದೆ. ಅಲ್ಲಿ ನೀರು ಸೊಂಟದುದ್ದ, ತಳದ ಕಲ್ಲು ಕಾಣುತ್ತದೆ. ಪುಸ್ತಕದಲ್ಲಿ ಮಾತ್ರ ಪ್ರತಿದಿನವೂ "ತುದಿ" ಎಂದೇ ಬರೆದೆ. ನಿಜ ಬರೆದಿದ್ದರೆ ಮರುದಿನವೇ ಬೇರೆ ಯಾರನ್ನಾದರೂ ಕಳಿಸುತ್ತಿದ್ದರು. ಬೆಳಿಗ್ಗೆ ಎದ್ದು ಆ ಬಕೆಟ್ ಹಿಡಿದುಕೊಂಡು ಹೊರಡುವುದೂ ಇಲ್ಲದಿದ್ದರೆ ನಾನು ಮನೆಯಲ್ಲಿ ಕೂತು ನಿನ್ನಮ್ಮನ ಪಾತ್ರೆ ಎಣಿಸಬೇಕಿತ್ತು. ಚಳಿಗಾಲದಲ್ಲಿ ಇಲ್ಲಿಗೂ ಅಲ್ಲಿಗೂ ಅರ್ಧ ಡಿಗ್ರಿಯೂ ವ್ಯತ್ಯಾಸವಿರಲಿಲ್ಲ, ನಾನೇ ಉದ್ದ ಹಗ್ಗ ಎಸೆದು ನೋಡಿದ್ದೆ. ಆ ಧೈರ್ಯದ ಮೇಲೆ ಇಡೀ ಬೇಸಿಗೆಗೂ ಬರೆದುಬಿಟ್ಟೆ.

ನೀನು ಚಿಕ್ಕವಳಿದ್ದಾಗ ನಾನೇ ಹೇಳಿಕೊಟ್ಟದ್ದು ನೆನಪಿದೆಯೇ? ನೆಲ ಕಾದು ನೀರು ತಣ್ಣಗಿದ್ದರೆ ಮಧ್ಯಾಹ್ನ ಗಾಳಿಗೆ ಹುಚ್ಚು ಹಿಡಿಯುತ್ತದೆ ಅಂತ. ನೀನು ಹುಚ್ಚು ಹಿಡಿದ ಗಾಳಿಯ ಹಾಗೆ ಕೂದಲು ಕೆದರಿಕೊಂಡು ಮನೆಯೆಲ್ಲ ಕುಣಿದಿದ್ದೆ. ಈಗ ಅದೇ ಪಾಠ ನನ್ನೆದುರು ಕೂತಿದೆ. ಅರ್ಧ ಡಿಗ್ರಿ, ಹೆಚ್ಚೆಂದರೆ ಒಂದು ಡಿಗ್ರಿ ತಪ್ಪಿರಬಹುದು, ಅಷ್ಟಕ್ಕೆಲ್ಲ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹೇಳಿಕೊಂಡಷ್ಟೂ ನಂಬಿಕೆ ಬರುತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡ ಪುಟ್ಟೀ, ಆಣೆ ಹಾಕಿದ್ದಕ್ಕೆ ನಿನ್ನ ಮೇಲೂ ಒಂದು ಕ್ಷಣ ಸಿಟ್ಟು ಬಂತು. ತಪ್ಪು ನನ್ನದು. ಹೋಗಲಾರೆ ಅಂತ ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು.

ಒಳಗೆ ಅಮ್ಮ ಕೂಗುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನಿನಗೆ ನೂರು ವರ್ಷ ತುಂಬಲಿ, ಅದರಲ್ಲಿ ಒಂದು ದಿನವೂ ನನ್ನಿಂದ ಕಡಿಮೆಯಾಗದಿರಲಿ.

ನಿನ್ನ
ಅಪ್ಪ

ಮರೆಯುವ ಮುಂಚೆ: ಈಗ ಏಳೂ ಮುಕ್ಕಾಲು. ಸಹಿ ಹಾಕಿದ ಮೇಲೆ ಕೂರಲಾಗಲಿಲ್ಲ, ತುದಿಗೆ ಹೋಗಿ ಬಂದೆ. ನಡೆದಲ್ಲ, ಅಂಬೆಗಾಲಲ್ಲಿ. ಅಮ್ಮ ಹಿಂದಿನಿಂದ ನನ್ನ ಶರಟು ಹಿಡಿದುಕೊಂಡು ತುದಿಯವರೆಗೂ ಬೈಯುತ್ತಲೇ ಬಂದಳು. ಮೂರನೇ ಕಂಬದಲ್ಲಿ ಹದಿನೆಂಟು ಡಿಗ್ರಿ. ತುದಿಯಲ್ಲಿ ಹನ್ನೊಂದು. ಮೂರು ಸಲ ಇಳಿಸಿದೆ, ಮೂರು ಸಲವೂ ಹನ್ನೊಂದು. ನಾಳೆ ಎರಡು ಗಂಟೆಗೆ ಲಾಂಚಿನ ಹಗ್ಗ ಬಿಚ್ಚಬೇಡ ಮಗಳೇ. ನೀರು ಕನ್ನಡಿಯ ಹಾಗಿದ್ದರೂ ಬಿಚ್ಚಬೇಡ, ಯಾರು ಗದರಿದರೂ ಬಿಚ್ಚಬೇಡ. ಮಕ್ಕಳನ್ನು ಬೆಳಗಿನ ಲಾಂಚಿಗೇ ಹತ್ತಿಸು. ಈ ಕಾಗದವನ್ನೇ ನಿಮ್ಮ ಮೇಲಿನವರ ಮುಂದೆ ಹಿಡಿ, ನನ್ನ ಮರ್ಯಾದೆ ನೋಡಬೇಡ. ಪುಸ್ತಕ ತೆಗೆದುಕೊಂಡು ಅಧಿಕಾರಿಯ ಮನೆಗೆ ಹೊರಟಿದ್ದೇನೆ, ಎಲ್ಲ ಹೇಳಿ ಅಲ್ಲೇ ಬಿಟ್ಟುಬರುತ್ತೇನೆ. ನಿನ್ನ ಆಣೆ ಮುರಿದೆ. ಅದಕ್ಕೆ ನೀನೇ ಬಂದು ನನ್ನನ್ನು ಬೈಯಬೇಕು. ಬೆಳಿಗ್ಗೆಯೇ ಬಂದು ಬೈಯಬೇಕು.